ಸಿಬಿಲ್ ಸ್ಕೋರ್ 590, ಕೈಯಲ್ಲಿ 80 ಸಾವಿರ: ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುವುದು ಹೇಗೆ?

ದಾವಣಗೆರೆಯವ (ಪ್ರಶ್ನೆ):
ಮುಂದಿನ ತಿಂಗಳು ನಾನು, ನನ್ನ ಪತ್ನಿ ಮತ್ತು ಎರಡನೇ ತರಗತಿಯಲ್ಲಿ ಓದುತ್ತಿರುವ ಮಗಳು ಬೆಂಗಳೂರಿಗೆ ಬರುವವರಿದ್ದೇವೆ. ಕಚೇರಿ ಎಂ.ಜಿ. ರಸ್ತೆಯ ಬಳಿ ಇರುವುದರಿಂದ ನೇರಳೆ ಮಾರ್ಗದ ಮೆಟ್ರೊ ಸಿಗುವ ಕೆಂಗೇರಿ, ಚಲ್ಲಘಟ್ಟದ ಕಡೆ ಒಂದು ಬೆಡ್‌ರೂಮಿನ ಮನೆ ಹುಡುಕುತ್ತಿದ್ದೇವೆ. ತಿಂಗಳಿಗೆ 15,000 ಬಾಡಿಗೆ ಕೊಡಬಲ್ಲೆವು. ಆದರೆ ವಿಚಾರಿಸಿದ ಕಡೆಯಲ್ಲೆಲ್ಲ ಹತ್ತು ತಿಂಗಳ ಅಡ್ವಾನ್ಸ್, ಅಂದರೆ ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ನಮ್ಮಲ್ಲಿರುವುದು ಎಲ್ಲ ಸೇರಿ 80,000. 2021ರಲ್ಲಿ ಕೆಲಸ ಹೋದಾಗ ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಸೆಟಲ್‌ಮೆಂಟ್ ಮಾಡಿಕೊಂಡ (ಬ್ಯಾಂಕ್ ಒಪ್ಪಿದ ಕಡಿಮೆ ಮೊತ್ತ ಕಟ್ಟಿ ಮುಗಿಸಿದ) ಕಾರಣ, ಸಾಲ ತೀರಿಸಿದ ಇತಿಹಾಸವನ್ನು ಅಳೆಯುವ ಸಿಬಿಲ್ ಸ್ಕೋರ್ 590ರಲ್ಲಿದೆ. ಡಿಪಾಸಿಟ್ ಇಲ್ಲದೆ ಮನೆ ಕೊಡಿಸುತ್ತೇವೆ ಎನ್ನುವ ಆ್ಯಪ್ ಒಂದರಲ್ಲಿ ಪ್ರಯತ್ನಿಸಿದೆ. ಸ್ಕೋರ್ ನೋಡಿ ನಿರಾಕರಿಸಿದರು. ಮನೆ ಮಾಲೀಕರೂ ಹೀಗೆಯೇ ಸ್ಕೋರ್ ನೋಡುತ್ತಾರೆಯೇ? ಅಡ್ವಾನ್ಸ್ ಕಟ್ಟಲು ಎಲ್ಲಾದರೂ ಸಾಲ ಸಿಕ್ಕೀತೇ?

ವಿಜಯನಗರ ವಾಸಿ:
ಮೊದಲು ಒಂದು ವಿಷಯ ಸ್ಪಷ್ಟಪಡಿಸಿಕೊಳ್ಳಿ. ಬೆಂಗಳೂರಿನಲ್ಲಿ ಕೆಳಗೆ ತಾವಿದ್ದು ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡುವ ಸಾಮಾನ್ಯ ಮಾಲೀಕರು ಸಿಬಿಲ್ ಕೇಳುವುದೇ ಇಲ್ಲ. ಅವರು ಕೇಳುವುದು ಎಲ್ಲಿ ಕೆಲಸ, ಮನೆಯಲ್ಲಿ ಎಷ್ಟು ಜನ, ಸ್ವಂತ ಊರು ಯಾವುದು, ಮೊದಲು ಎಲ್ಲಿದ್ದಿರಿ ಎಂಬುದನ್ನು (ಸಸ್ಯಾಹಾರಿಗಳೇ ಎಂಬ ಪ್ರಶ್ನೆಯೂ ಬರುತ್ತದೆ, ಅದು ಬೇರೆ ಕಥೆ). ನಿಮ್ಮ ಸ್ಕೋರ್ ಅಡ್ಡ ಬರುತ್ತಿರುವುದು ಮನೆ ಹಿಡಿಯುವುದಕ್ಕಲ್ಲ, ಅಡ್ವಾನ್ಸ್ ಹಣವನ್ನು ಸಾಲದಿಂದ ಹೊಂದಿಸಲು ಹೊರಟಿದ್ದಕ್ಕೆ. ಆದ್ದರಿಂದ ಆ ದಾರಿಯನ್ನು ಬಿಡುವುದೇ ಒಳ್ಳೆಯದು. ಹಾಕುವ ಪ್ರತಿಯೊಂದು ಸಾಲದ ಅರ್ಜಿಯೂ ವರದಿಯಲ್ಲಿ ದಾಖಲಾಗುತ್ತದೆ, ಸಾಲು ಸಾಲಾಗಿ ಅರ್ಜಿ ಹಾಕಿದರೆ ಸ್ಕೋರ್ ಇನ್ನಷ್ಟು ಕುಸಿಯುತ್ತದೆ. ಈ ಸ್ಕೋರಿಗೂ ಸಾಲ ಕೊಡಲು ಮುಂದೆ ಬರುವವರ ಬಡ್ಡಿ ಮೊದಲ ವರ್ಷವೇ ನಿಮ್ಮನ್ನು ಬಗ್ಗಿಸುತ್ತದೆ.

ಬದಲಿಗೆ ಬ್ರೋಕರ್ ಇಲ್ಲದೆ ಮನೆ ಹುಡುಕಿ. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ ಕೊಡುವುದು ರೂಢಿ. ನಿಮ್ಮ ಲೆಕ್ಕದಲ್ಲಿ ಆ 15,000 ಸಣ್ಣ ಮೊತ್ತವಲ್ಲ. ಭಾನುವಾರ ಬೆಳಿಗ್ಗೆ ಮೆಟ್ರೊ ನಿಲ್ದಾಣದ ಹಿಂದಿನ ಅಡ್ಡರಸ್ತೆಗಳಲ್ಲಿ ನಡೆದರೆ ಗೇಟಿಗೆ ಕಟ್ಟಿದ ಟು-ಲೆಟ್ ಬೋರ್ಡುಗಳು ಕಾಣುತ್ತವೆ, ದಿನಸಿ ಅಂಗಡಿಯವರಿಗೂ ಇಸ್ತ್ರಿ ಅಂಗಡಿಯವರಿಗೂ ಖಾಲಿ ಮನೆಗಳ ಸುದ್ದಿ ತಿಳಿದಿರುತ್ತದೆ. ನಿಮಗೆ ಅಭ್ಯಂತರವಿಲ್ಲದಿದ್ದರೆ ಆಷಾಢದಲ್ಲಿ ಅಥವಾ ಧನುರ್ಮಾಸದಲ್ಲಿ ಮಾತಾಡಿ. ಆಗ ಹೆಚ್ಚಿನವರು ಮನೆ ಬದಲಿಸುವುದಿಲ್ಲವಾದ್ದರಿಂದ, ಖಾಲಿ ಮನೆ ಇಟ್ಟುಕೊಂಡ ಮಾಲೀಕರು ಅಡ್ವಾನ್ಸ್ ವಿಷಯದಲ್ಲಿ ಮೆತ್ತಗಾಗುತ್ತಾರೆ.

ನಾಗರಭಾವಿಯ ಮಾಲೀಕ:
ನಾನು ಎರಡು ಮನೆಗಳನ್ನು ಬಾಡಿಗೆಗೆ ಕೊಟ್ಟಿರುವುದರಿಂದ ಈ ಕಡೆಯ ಮಾತನ್ನೂ ಹೇಳುತ್ತೇನೆ. ಹತ್ತು ತಿಂಗಳು ಎನ್ನುವುದು ಚೌಕಾಸಿಯ ಆರಂಭವಷ್ಟೇ. ಎಷ್ಟೋ ಕಡೆ ಆರಕ್ಕೆ, ಕೆಲವೆಡೆ ಅದಕ್ಕೂ ಕಡಿಮೆಗೆ ಒಪ್ಪುತ್ತಾರೆ. ಮಾಲೀಕರ ಅಂಜಿಕೆ ಮೂರು: ಬಾಡಿಗೆ ನಿಂತುಹೋದೀತು, ಹೇಳಿದಾಗ ಮನೆ ಖಾಲಿ ಮಾಡಲಿಕ್ಕಿಲ್ಲ, ಕರೆಂಟ್ ಬಿಲ್ ಬಾಕಿ ಉಳಿಸಿ ಹೋದಾರು. ಹಿಂದಿನ ಮನೆಗೆ ಪ್ರತಿ ತಿಂಗಳು ಬಾಡಿಗೆ ಕಳುಹಿಸಿದ್ದು ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಯ ನೇಮಕಾತಿ ಪತ್ರ, ಹಳೆಯ ಮಾಲೀಕರ ಫೋನ್ ನಂಬರ್, ಇವನ್ನು ಕೇಳುವ ಮೊದಲೇ ಮುಂದಿಡುವವರಿಗೆ ನಾನು ಅಡ್ವಾನ್ಸ್ ಕಡಿಮೆ ಮಾಡಿದ್ದೇನೆ. ಕೈಯಲ್ಲಿ ಹಣ ಕಡಿಮೆಯಿದೆ ಎಂಬುದನ್ನು ಮನೆ ನೋಡಲು ಬಂದ ದಿನವೇ ನೇರವಾಗಿ ಹೇಳಿ. ಹತ್ತು ತಿಂಗಳಿಗೆ ಒಪ್ಪಿ, ಕೀ ಕೊಡುವ ದಿನ ಅರ್ಧ ಹಣ ತರುವವರನ್ನು ಯಾರೂ ನಂಬುವುದಿಲ್ಲ.

ದಾವಣಗೆರೆಯವ:
ಇಬ್ಬರಿಗೂ ಧನ್ಯವಾದಗಳು. ಇಲ್ಲಿ ಐದು ವರ್ಷ ಇದ್ದ ಮನೆಗೆ ಬಾಡಿಗೆ ಒಂದು ತಿಂಗಳೂ ತಪ್ಪಿಲ್ಲ, ಅದೆಲ್ಲ ಖಾತೆಯಲ್ಲಿ ಕಾಣುತ್ತದೆ. ಈ ನಡುವೆ ಬ್ರೋಕರ್ ಒಬ್ಬರು, ನಾಲ್ಕು ಲಕ್ಷ ಕೊಟ್ಟರೆ ಮೂರು ವರ್ಷ ಬಾಡಿಗೆಯೇ ಇಲ್ಲದ ಲೀಸ್ ಮನೆ ಇದೆ ಎಂದಿದ್ದಾರೆ. ಮಾವನವರು ಆ ಹಣ ಕೊಡಲು ಸಿದ್ಧರಿದ್ದಾರೆ. ಇದು ಸರಿಯೇ?

ಪತ್ರ ಬರಹಗಾರ:
ಬೇಡ. ಭೋಗ್ಯದ (ಲೀಸ್) ಪದ್ಧತಿ, ಅಂದರೆ ಅವಧಿ ಮುಗಿದಾಗ ವಾಪಸು ಬರುವ ದೊಡ್ಡ ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಆದರೆ ಮಧ್ಯವರ್ತಿಯ ಮೂಲಕ ಬರುವ ಲೀಸ್ ಮನೆಯಲ್ಲಿ ಅಪಾಯ ಹೆಚ್ಚು. ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಪಡೆದು, ನಿಮ್ಮಿಂದ ದೊಡ್ಡ ಮೊತ್ತ ಪಡೆದು, ಕೆಲವು ತಿಂಗಳ ನಂತರ ಮಾಲೀಕರಿಗೆ ಬಾಡಿಗೆ ಕಟ್ಟುವುದನ್ನು ನಿಲ್ಲಿಸಿ ಪರಾರಿಯಾಗುವ ವಂಚನೆ ಈ ನಗರದಲ್ಲಿ ಅನೇಕ ಬಾರಿ ನಡೆದಿದೆ. ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು, ಕಂತು ಕಟ್ಟದೆ ಅದು ಹರಾಜಿಗೆ ಬಂದರೂ ಬೀದಿಗೆ ಬೀಳುವವರು ನೀವೇ. ಎಂದಾದರೂ ಭೋಗ್ಯಕ್ಕೆ ಹೋಗುವುದಾದರೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ, ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವಹಿವಾಟುಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿ, ಮಾಲೀಕರ ಜೊತೆಯಲ್ಲೇ ನೋಂದಾಯಿತ ಪತ್ರ ಮಾಡಿಸಿಕೊಳ್ಳಿ.

ಕಾನೂನಿನ ವಿಷಯಕ್ಕೆ ಬಂದರೆ, ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ, ತಾನಾಗಿಯೇ ಜಾರಿಗೆ ಬರುವಂಥದ್ದಲ್ಲ. ಅದನ್ನು ತೋರಿಸಿ ಮಾಲೀಕರೊಂದಿಗೆ ವಾದಕ್ಕಿಳಿದರೆ ಮನೆ ಕೈತಪ್ಪುತ್ತದೆ. ನಿಮ್ಮ ರಕ್ಷಣೆ ಇರುವುದು ಕರಾರು ಪತ್ರದಲ್ಲಿ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾದ್ದರಿಂದ ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಸುತ್ತಾರೆ. ಅದರಲ್ಲಿ ಹೀಗೊಂದು ಷರತ್ತು ಸೇರಿಸಲು ಕೇಳಿ: “ಒಟ್ಟು ಮುಂಗಡ ರೂ. 90,000. ಇದರಲ್ಲಿ ರೂ. 50,000 ಈ ದಿನ ಬ್ಯಾಂಕ್ ಮೂಲಕ ಸಂದಾಯವಾಗಿರುತ್ತದೆ. ಉಳಿದ ರೂ. 40,000ವನ್ನು ಬಾಡಿಗೆಯೊಂದಿಗೆ ಮಾಸಿಕ ರೂ. 5,000ದಂತೆ ಎಂಟು ತಿಂಗಳಲ್ಲಿ ಪಾವತಿಸತಕ್ಕದ್ದು.” ಮೊದಲ ತಿಂಗಳ ಬಾಡಿಗೆ ಕಳೆದರೂ ಲಾರಿ ಬಾಡಿಗೆಗೆ, ಮಗುವಿನ ಖರ್ಚಿಗೆ ನಿಮ್ಮಲ್ಲಿ 15,000 ಉಳಿಯುತ್ತದೆ. ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಇಲ್ಲಿನ ರೂಢಿ. ಅದಕ್ಕಿಂತ ಹೆಚ್ಚು ಹಿಡಿಯಬಾರದೆಂದೂ, ಉಳಿದ ಮುಂಗಡವನ್ನು ಕೀ ಹಿಂತಿರುಗಿಸಿದ ದಿನವೇ ಕೊಡಬೇಕೆಂದೂ ಬರೆಸಿ.

ವಿಜಯನಗರ ವಾಸಿ:
ಮನೆ ಸಿಕ್ಕ ಮೇಲೆ ಸ್ಕೋರಿನ ಕಡೆಗೂ ಗಮನ ಕೊಡಿ, ಅವಸರವೇನಿಲ್ಲ. ಸಿಬಿಲ್ ಸೇರಿದಂತೆ ಸಾಲದ ಮಾಹಿತಿ ದಾಖಲಿಸುವ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅದರಲ್ಲಿ ಆ ಕಾರ್ಡಿನ ಮುಂದೆ ‘ಸೆಟಲ್ಡ್’ ಎಂದಿರುತ್ತದೆ. ಅಂದು ಬ್ಯಾಂಕ್ ಬಿಟ್ಟುಕೊಟ್ಟ ಮೊತ್ತವನ್ನು ಮುಂದೆ ಸಾಧ್ಯವಾದಾಗ ಕಟ್ಟಿ, ಬಾಕಿ ಇಲ್ಲವೆಂಬ ಪತ್ರ ಪಡೆದು, ಅದನ್ನು ‘ಕ್ಲೋಸ್ಡ್’ ಎಂದು ಬದಲಿಸುವಂತೆ ಬ್ಯಾಂಕಿಗೆ ಲಿಖಿತವಾಗಿ ಕೇಳಿ. ವರದಿಯಲ್ಲಿ ತಪ್ಪಿದ್ದು, ದೂರು ಕೊಟ್ಟು 30 ದಿನಗಳಾದರೂ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿದೆ. ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಿದರೆ ಕಡತ ಬೇಗ ಸಾಗುತ್ತದೆ.