ಬಿನ್ ಖಾಲಿ ಮಾಡಬೇಡಿ ಚಿಕ್ಕಪ್ಪ

ದೊಡ್ಡಪ್ಪ: (ಮನೆಯವರ ವಾಟ್ಸಾಪ್ ಗುಂಪಿಗೆ, ಹಲವು ಬಾರಿ ಫಾರ್ವರ್ಡ್ ಆದ ಸಂದೇಶ) ಎಚ್ಚರಿಕೆ! ಹೊಸ ಅಪ್‌ಡೇಟ್ ನಿಮ್ಮ ಮೊಬೈಲಿನ ಜಾಗವನ್ನೆಲ್ಲ ನುಂಗಿ ಹೊಸ ಫೋನ್ ಕೊಳ್ಳುವಂತೆ ಮಾಡುತ್ತದೆ. ಮಾಡಲೇಬೇಕಿದ್ದರೆ 'ಆಂಡ್ರಾಯ್ಡ್' ಎಂಬ ಫೋಲ್ಡರ್ ಅಳಿಸಿ, 10 ಜಿಬಿ ಸಿಗುತ್ತದೆ. ಎಲ್ಲರಿಗೂ ತಿಳಿಸಿ.

ಚಿಕ್ಕಪ್ಪ: ನಿಜ ಅಣ್ಣ. ನಿನ್ನೆಯಿಂದ ನನ್ನದರಲ್ಲಿ 'ಸಾಕಷ್ಟು ಸ್ಥಳವಿಲ್ಲ' ಎಂದೇ ಬರುತ್ತಿದೆ. ಅಪ್‌ಡೇಟ್ 2 ಜಿಬಿ, ಖಾಲಿ ಇರುವುದು 3 ಜಿಬಿ. ಲೆಕ್ಕ ಬಾರದ ಫೋನ್!

ನಾನು: ದೊಡ್ಡಪ್ಪ, ಆ ಫೋಲ್ಡರ್ ಮುಟ್ಟಬೇಡಿ. ಈಚಿನ ಆಂಡ್ರಾಯ್ಡ್ ಫೋನುಗಳಲ್ಲಿ ವಾಟ್ಸಾಪ್‌ನ ಚಿತ್ರ, ವಿಡಿಯೊ, ಫೋನಿನೊಳಗಿನ ಬ್ಯಾಕಪ್ ಎಲ್ಲವೂ ಅದರೊಳಗೇ ಇರುತ್ತವೆ. ಜಾಗವೇನೋ ಸಿಗುತ್ತದೆ. ಯಾವುದರ ಬೆಲೆಗೆ ಎಂಬುದನ್ನು ಬರೆದವನು ಹೇಳಿಲ್ಲ.

ದೊಡ್ಡಪ್ಪ: ನಾನು ಬರೆದದ್ದಲ್ಲ. ಬಂದದ್ದನ್ನು ಕಳುಹಿಸಿದೆ.

ಅತ್ತೆ: ಪ್ರತಿ ಸಲವೂ ಇದೇ ಮಾತು, ಅಣ್ಣ.

ನಾನು: ಚಿಕ್ಕಪ್ಪ, 2 ಜಿಬಿ ಎಂಬುದು ಇಳಿಸಿಕೊಳ್ಳುವ ಗಾತ್ರ ಮಾತ್ರ. ಫೋನನ್ನು ನಡೆಸುವ ಹಳೆಯ ವ್ಯವಸ್ಥೆಯನ್ನು ಕೆಡವದೆ ಪಕ್ಕದಲ್ಲೇ ಹೊಸದನ್ನು ಕಟ್ಟಬೇಕಲ್ಲ, ಅದಕ್ಕೆ ಬೇರೆ ಜಾಗ ಬೇಕು. ಎರಡು ಪ್ರತಿ ಇಟ್ಟುಕೊಳ್ಳುವ ಈ ಪದ್ಧತಿ 2016ರಲ್ಲಿ ಆಂಡ್ರಾಯ್ಡ್ 7ರೊಂದಿಗೆ ಬಂತು. ಹೊಸದು ಕೈಕೊಟ್ಟರೆ ಫೋನ್ ಹಳೆಯದರಲ್ಲೇ ಏಳುತ್ತದೆ. ಆಂಡ್ರಾಯ್ಡ್ 11ರೊಂದಿಗೆ ಬಂದ ವಿಧಾನದಲ್ಲಿ ಎರಡನೆಯ ಪ್ರತಿಗೆಂದು ಕಾಯಂ ಜಾಗ ಮೀಸಲಿಲ್ಲ. ಕೊರತೆ ಬಿದ್ದಷ್ಟನ್ನು ನಮ್ಮ ಚಿತ್ರಗಳಿರುವ ಭಾಗದಿಂದ ತೆಗೆದುಕೊಂಡು, ಕೆಲಸ ಮುಗಿದ ಮೇಲೆ ಬಿಟ್ಟುಕೊಡುತ್ತದೆ. ನುಂಗುವುದಲ್ಲ, ಕೈಗಡ.

ಅಕ್ಕ: ಕೈಗಡವೆಲ್ಲ ಪೂರ್ತಿ ವಾಪಸು ಬರುತ್ತದೆಯೇ? ದೊಡ್ಡಪ್ಪನ ಸಿಟ್ಟನ್ನು ತಳ್ಳಿಹಾಕಬೇಡ. 2014ರಲ್ಲಿ ಐಫೋನಿನ ವ್ಯವಸ್ಥೆ ಐಓಎಸ್ 8 ಬಂದಾಗ ಫೋನಿನಲ್ಲೇ ಅಪ್‌ಡೇಟ್ ಮಾಡಲು 4.6 ಜಿಬಿ ಖಾಲಿ ಬೇಕಿತ್ತು. 16 ಜಿಬಿಯ ಐಫೋನ್ ಇದ್ದವರು ಏನು ಮಾಡಬೇಕಿತ್ತು? ಮರುವರ್ಷ ಅದನ್ನೇ 1.3 ಜಿಬಿಗೆ ಇಳಿಸಿದರು. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ.

ನಾನು: ಒಪ್ಪಿದೆ. ವ್ಯವಸ್ಥೆಯೂ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದೆ. ಆದರೆ ಫೋಲ್ಡರ್ ಅಳಿಸುವುದು ಅದಕ್ಕೆ ಮದ್ದಲ್ಲ.

ಚಿಕ್ಕಪ್ಪ: ನಿಮ್ಮ ವಾದ ಮುಗಿಯುವುದರೊಳಗೆ ಗೂಗಲ್ ಫೋಟೋಸ್‌ನಲ್ಲಿ ಎಂಟುನೂರು ಚಿತ್ರ ಅಳಿಸಿದ್ದೇನೆ. ಹೇಗೂ ಕ್ಲೌಡ್‌ನಲ್ಲಿ, ಅಂದರೆ ಗೂಗಲ್‌ನ ಕಂಪ್ಯೂಟರುಗಳಲ್ಲಿ, ಇವೆಯಲ್ಲ. ಆದರೂ ಜಾಗ ಅಲ್ಲಾಡಿಲ್ಲ. ಈಗ ಅಳಿಸಿದ್ದೆಲ್ಲ ಹೋಗಿ ಬೀಳುವ ಬುಟ್ಟಿ, ಆ ಬಿನ್ ಖಾಲಿ ಮಾಡುತ್ತೇನೆ.

ನಾನು: ಬೇಡ! ಬಿನ್ ಖಾಲಿ ಮಾಡಬೇಡಿ ಚಿಕ್ಕಪ್ಪ!

ಅತ್ತೆ: ಅಮ್ಮನ ಚಿತ್ರಗಳು ನಿನ್ನ ಫೋನಿನಲ್ಲೇ ಅಲ್ಲವೇ ಇರುವುದು? ನನ್ನ ಬಳಿ ಒಂದೂ ಇಲ್ಲ.

ನಾನು: ಆ ಆ್ಯಪ್‌ನಲ್ಲಿ ಮಾಮೂಲಿಯಾಗಿ ಅಳಿಸಿದರೆ ಕ್ಲೌಡ್‌ನಿಂದಲೂ ಹೋಗುತ್ತದೆ. ಬ್ಯಾಕಪ್ ಆದ ಚಿತ್ರಗಳು 60 ದಿನ ಬಿನ್‌ನಲ್ಲಿ ಇರುತ್ತವೆ, ಆಗದವು ಬೇಗ ಹೋಗುತ್ತವೆ. ಮೊದಲು ಎಲ್ಲವನ್ನೂ ಮರುಸ್ಥಾಪಿಸಿ. ಫೋನಿನಿಂದ ಮಾತ್ರ ತೆಗೆದು ಕ್ಲೌಡ್‌ನಲ್ಲಿ ಉಳಿಸಲು 'ಜಾಗ ತೆರವುಗೊಳಿಸಿ' ಎಂಬ ಬೇರೆಯೇ ಆಯ್ಕೆಯಿದೆ.

ಚಿಕ್ಕಪ್ಪ: ಎರಡೂ ಅಳಿಸುವುದೇ. ಹೆಸರು ಹೀಗಿಟ್ಟರೆ ಯಾರಿಗೆ ತಿಳಿಯಬೇಕು?

ಅಕ್ಕ: ಈ ಮಾತಿಗೆ ನನ್ನ ಓಟು ಚಿಕ್ಕಪ್ಪನಿಗೆ.

ನಾನು: ಚಿತ್ರಗಳ ತಂಟೆಗೆ ಹೋಗುವ ಮುನ್ನ ಮತ್ತೆ ಸಿಗುವಂಥದ್ದನ್ನು ತೆಗೆಯಿರಿ. ನೋಡಿ ಮುಗಿಸಿದ ಡೌನ್‌ಲೋಡ್ ಚಲನಚಿತ್ರ, ಆಫ್‌ಲೈನ್ ನಕ್ಷೆ. ವಾಟ್ಸಾಪ್ ಸೆಟ್ಟಿಂಗ್ಸ್‌ನ 'ಸಂಗ್ರಹಣೆ ನಿರ್ವಹಿಸಿ'ಯಲ್ಲಿ 5 ಎಂಬಿಗಿಂತ ದೊಡ್ಡ ಕಡತಗಳ ಪಟ್ಟಿಯೇ ಇದೆ. ಆ್ಯಪ್‌ಗಳ ಕ್ಯಾಶೆ (ತಾತ್ಕಾಲಿಕ ಕಡತಗಳು) ಅಳಿಸಬಹುದು, ಅದರ ಪಕ್ಕದಲ್ಲೇ ಇರುವ 'ಡೇಟಾ ಅಳಿಸಿ'ಯನ್ನು ಒತ್ತಬೇಡಿ.

ಅಕ್ಕ: ಪಟ್ಟಿ ನೋಡಿದೆ. ಈ ಗುಂಪೊಂದೇ 4 ಜಿಬಿ. ಒಂದೇ ವಿಡಿಯೊವನ್ನು ಮೂವರು ಕಳುಹಿಸಿದ್ದೀರಿ.

ದೊಡ್ಡಪ್ಪ: ಎಲ್ಲರೂ ನೋಡಲಿ ಎಂದು.

ಚಿಕ್ಕಪ್ಪ: ಮರುಸ್ಥಾಪಿಸಿದೆ. ಅಮ್ಮನ ಚಿತ್ರಗಳು ಇವೆ. ಆರು ಚಲನಚಿತ್ರ ತೆಗೆದೆ, 9 ಜಿಬಿ ಖಾಲಿಯಾಯಿತು. ಅಪ್‌ಡೇಟ್ ಇಳಿಯುತ್ತಿದೆ.

ಅತ್ತೆ: ಇಳಿಯುವುದು ಇರಲಿ. ಮೊದಲು ಆ ಚಿತ್ರಗಳನ್ನು ನನಗೆ ಕಳುಹಿಸು. ಅಣ್ಣ, ನೀನು ಆ ಸಂದೇಶವನ್ನು ಅಳಿಸು.

ದೊಡ್ಡಪ್ಪ: ಇಲ್ಲಿ ಅಳಿಸಿದೆ. ಉಳಿದ ಮೂರು ಗುಂಪುಗಳಿಗೆ ಕಳೆದ ವಾರವೇ ಕಳುಹಿಸಿದ್ದೆ. ಅಲ್ಲಿ 'ಎಲ್ಲರಿಗೂ ಅಳಿಸಿ' ಎಂಬುದು ಬರುತ್ತಲೇ ಇಲ್ಲ.