ಸಂಜೆ ಕಂಡ ಗೂಬೆಯೇ ರಾತ್ರಿ ಕೂಗುವುದಾ?

ತೋಟದಮನೆ:
ನಮಸ್ಕಾರ. ನಮ್ಮದು ಸಾಗರದ ಹತ್ತಿರ ಅಡಿಕೆ ತೋಟ, ಮನೆ ಹಿಂದೆಯೇ ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಹದಿನೈದು ದಿನದಿಂದ ಕೊಟ್ಟಿಗೆ ಪಕ್ಕದ ಹಲಸಿನ ಮರದಲ್ಲಿ ಏನೋ ಕೂಗುತ್ತಿದೆ. ಕತ್ತಲಾದ ಮೇಲೆ ಶುರು. ‘ವಟ್?’ ಅಂತ ಒಂದೇ ಸಲ, ಯಾರೋ ಏನೋ ಕೇಳಿ ಸುಮ್ಮನಾದ ಹಾಗೆ. ಸ್ವಲ್ಪ ಬಿಟ್ಟು ಮತ್ತೆ ‘ವಟ್?’. ಮೊದಲು ಕಪ್ಪೆ ಅಂದುಕೊಂಡೆ. ಆದರೆ ಫೆಬ್ರವರಿಯ ಒಣಹವೆಯಲ್ಲಿ ದಿನಾ ಮರದ ನೆತ್ತಿಯಲ್ಲಿ ಕೂತು ಕೂಗುವ ಕಪ್ಪೆ ಯಾವುದು?

ಮೊನ್ನೆ ಸಂಜೆ ಐದೂವರೆಗೆ ಬೆಟ್ಟದ ಅಂಚಿನಲ್ಲಿ ಪಿಕಳಾರ, ಕಾಜಾಣಗಳೆಲ್ಲ ಸೇರಿ ದೊಡ್ಡ ಗಲಾಟೆ. ಹೋಗಿ ನೋಡಿದರೆ ಮತ್ತಿಮರದ ಮೇಲೆ ಪುಟ್ಟ ಗೂಬೆ. ಗುಂಡು ತಲೆ, ಮೈತುಂಬ ಒತ್ತೊತ್ತಾಗಿ ಅಡ್ಡಗೆರೆ, ಹಳದಿ ಕಣ್ಣು. ರಾತ್ರಿ ಕೂಗುವುದು ಇದೇನಾ? ಮನೆ ಹತ್ತಿರ ಗೂಬೆ ಕೂಗಬಾರದು, ಆ ಒಣಕೊಂಬೆ ಕಡಿಸು ಅಂತ ಅಮ್ಮ ದಿನಾ ಹೇಳ್ತಾಳೆ. ನನಗೆ ಮನಸ್ಸಿಲ್ಲ. ಹೆಸರು ಗೊತ್ತಾದರೆ ಅವಳಿಗೆ ಹೇಳಲು ಒಂದು ಮಾತು ಸಿಗುತ್ತದೆ.

ಬಯಲುಸೀಮೆ:
ಹಾಲಕ್ಕಿ ಇರಬೇಕು, ಅದೂ ಪುಟ್ಟ ಗೂಬೆಯೇ. ನಮ್ಮೂರ ಹುಣಸೆಮರದಲ್ಲಿ ಜೋಡಿ ಇದೆ.

ಕಾನುದಾರಿ:
ಹಾಲಕ್ಕಿಯ ಮೈಮೇಲೆ ಬಿಳಿ ಚುಕ್ಕಿ ಇರುತ್ತವೆ, ಅದರ ಕೂಗು ಕಿರಿಕಿರಿ ಚೀರಾಟ, ಜಗಳ ಆಡಿದ ಹಾಗೆ. ಇವರು ಹೇಳಿದ್ದು ಅಡ್ಡಗೆರೆ.

ತೋಟದಮನೆಯವರೇ, ನೀವು ಕಂಡದ್ದು ಒಂದು, ಕೇಳಿದ್ದು ಇನ್ನೊಂದು. ಮತ್ತಿಮರದ್ದು ಜಂಗಲ್ ಔಲೆಟ್. ಸುಮಾರು 20 ಸೆಂಟಿಮೀಟರ್ ಹಕ್ಕಿ, ಹಗಲಲ್ಲೂ ಓಡಾಡುತ್ತದೆ, ಮುಂಜಾನೆ ಮತ್ತು ಸಂಜೆ ಹೆಚ್ಚು ಚುರುಕು. ಅದರ ಕೂಗು ಗಟ್ಟಿ: ‘ಕಾವ್… ಕಾವ್… ಕಾವ್‌ಕುಕ್ ಕಾವ್‌ಕುಕ್’ ಅಂತ ವೇಗ ಏರಿಸಿಕೊಂಡು ಹೋಗಿ ಥಟ್ಟನೆ ನಿಲ್ಲುತ್ತದೆ.

ಒಂಟಿ ‘ವಟ್?’ ಮಾತ್ರ ಇಂಡಿಯನ್ ಸ್ಕಾಪ್ಸ್ ಗೂಬೆಯದು. ಕಪ್ಪೆ ಅಂದುಕೊಂಡವರಲ್ಲಿ ನೀವು ಮೊದಲಿನವರಲ್ಲ, ಕುಮಟಾ ಘಟ್ಟದಲ್ಲಿ ನಾನೂ ಎರಡು ರಾತ್ರಿ ಹಳ್ಳದ ಬದಿಯಲ್ಲೇ ಹುಡುಕಿದ್ದೆ. ನಿಮ್ಮ ಭಾಗದಲ್ಲಿ ಓರಿಯೆಂಟಲ್ ಸ್ಕಾಪ್ಸ್ ಕೂಡ ಇದೆ, ಆದರೆ ಅದು ಒಂದು ಸಲಕ್ಕೆ ಮೂರು ಸ್ವರ ಕೂಗುತ್ತದೆ, ಕಣ್ಣು ಹಳದಿ. ಇಂಡಿಯನ್ ಸ್ಕಾಪ್ಸ್‌ನ ಕಣ್ಣು ಕಡುಕಂದು, ನೆತ್ತಿಯ ಎರಡೂ ಬದಿ ಕೊಂಬಿನಂತೆ ಗರಿ, ಕತ್ತಿನ ಹಿಂದೆ ತಿಳಿಬಣ್ಣದ ಪಟ್ಟಿ.

ರಾತ್ರಿ ಟಾರ್ಚ್ ಬಿಟ್ಟು ಹುಡುಕಬೇಡಿ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದಂತೂ ಬೇಡವೇ ಬೇಡ. ಇದು ಗೂಡಿನ ಕಾಲ, ಬೇರೆ ಗೂಬೆ ಬಂದಿದೆ ಅಂದುಕೊಂಡು ಕಂಗೆಡುತ್ತದೆ. ಬೆಳಗ್ಗೆ ಮರದ ಬುಡದಲ್ಲಿ ಬಿಳಿ ಹಿಕ್ಕೆ ಇದೆಯಾ ನೋಡಿ, ಅದರ ನೇರಕ್ಕೆ ಮೇಲೆ ಕಣ್ಣಾಡಿಸಿ.

ತೋಟದಮನೆ:
ಆರು ದಿನ ಬೇಕಾಯಿತು. ನಿನ್ನೆ ಸಿಕ್ಕಿತು!

ಹಿಕ್ಕೆ ಇದ್ದದ್ದು ಕೊಟ್ಟಿಗೆ ಕಡೆಗಲ್ಲ, ಗೊಬ್ಬರಗುಂಡಿ ಕಡೆಗೆ. ಅದರ ಜೊತೆ ಗೂಬೆ ಕಕ್ಕಿದ, ಹೆಬ್ಬೆರಳ ಉಗುರಿನಷ್ಟು ಒಂದು ಉಂಡೆ. ಕಡ್ಡಿಯಲ್ಲಿ ಬಿಡಿಸಿದರೆ ಜೀರುಂಡೆಯ ಹೊಳೆಯುವ ರೆಕ್ಕೆಚಿಪ್ಪು, ದಾರದಂಥ ಮೂಳೆ, ಇಲಿಯ ಕೂದಲು. ಮೇಲೆ ನೋಡಿದೆ, ಏನೂ ಇಲ್ಲ. ಕವಲಿನಲ್ಲಿ ಮುರಿದ ಮೋಟು ಮಾತ್ರ. ಆ ಮೋಟನ್ನು ಅದೆಷ್ಟು ಹೊತ್ತು ನೋಡಿದೆನೋ, ಅದರಲ್ಲಿ ಒಂದು ಸೀಳು ನಿಧಾನ ತೆರೆಯಿತು. ಒಳಗೆ ಕಡುಕಂದು ಕಣ್ಣು. ಮೈ ಸೆಟೆದು, ಕೊಂಬು ನೆಟ್ಟಗೆ ಮಾಡಿ ಕೂತಿತ್ತು, ತೊಗಟೆಯ ಗೆರೆಯೂ ಗರಿಯ ಗೆರೆಯೂ ಒಂದೇ. ಈ ಮರದಡಿ ನಲವತ್ತು ವರ್ಷ ಓಡಾಡಿದವನು ನಾನು.

ಅಮ್ಮನಿಗೆ ಆ ಇಲಿ ಕೂದಲು ತೋರಿಸಿದೆ. ಅಟ್ಟದಲ್ಲಿ ಸುಲಿದ ಅಡಿಕೆ ಚೀಲ ಕಚ್ಚಿದ್ದು ಅವಳಿಗೆ ನೆನಪಿತ್ತು. ಒಣಕೊಂಬೆಯ ಪೊಟರೆ ನೋಡಿ, ಮಳೆಗಾಲ ಕಳೆಯಲಿ ಅಂದಳು.

ಕಾನುದಾರಿ:
ತುಂಬಾ ಸಂತೋಷ ಆಯ್ತು. ಆ ಪೊಟರೆ ಹಾಗೇ ಇರಲಿ, ಮರಕುಟಿಕ, ಕುಟ್ರು ಕೊರೆದ ಹಳೇ ತೂತಿನಲ್ಲೂ ಇವು ಮೊಟ್ಟೆಯಿಡುತ್ತವೆ. ತೋಟಕ್ಕೆ ಇಲಿ ಪಾಷಾಣ ಇಡುವುದಿದ್ದರೆ ದಯವಿಟ್ಟು ನಿಲ್ಲಿಸಿ, ಪಾಷಾಣ ತಿಂದ ಇಲಿಯನ್ನೇ ಗೂಬೆ ಹಿಡಿಯುತ್ತದೆ. ಯಾರಾದರೂ ಗೂಬೆ ಹಿಡಿದುಕೊಡಿ ಅಂತ ಕೇಳಿದರೆ 1972ರ ವನ್ಯಜೀವಿ ಕಾಯ್ದೆ ನೆನಪಿಸಿ.

ತೋಟದಮನೆ:
ಪಾಷಾಣದ ಡಬ್ಬಿ ಅಟ್ಟದಲ್ಲೇ ಇತ್ತು, ಇವತ್ತೇ ತೆಗೆದೆ. ಈಗ ರಾತ್ರಿ ಎಂಟು ಗಂಟೆ, ಜಗುಲಿಯಲ್ಲಿ ಕೂತು ಬರೀತಿದ್ದೇನೆ. ಹಲಸಿನ ಮರದಿಂದ ಒಂದು ದನಿ, ಬೆಟ್ಟದ ಕಡೆಯಿಂದ ಇನ್ನೊಂದು.