ರಾನ್ಸಮ್‌ವೇರ್‌ಗೆ ‘ದೊಡ್ಡಿ’ ಒಗ್ಗುತ್ತದೆಯೇ? ಪಶು ಕ್ಲಿನಿಕ್ಕಿನಿಂದ ಒಂದು ಪದಪ್ರಶ್ನೆ

ಗೆಳೆಯರೇ, ನಮಸ್ಕಾರ.

ನಾನು ಶಿವಮೊಗ್ಗ ಜಿಲ್ಲೆಯಲ್ಲಿ ಒಂದು ಸಣ್ಣ ಪಶು ಕ್ಲಿನಿಕ್ ನಡೆಸುತ್ತೇನೆ. ಬೆಳಿಗ್ಗೆ ನಾಯಿ, ಬೆಕ್ಕು ಬರುತ್ತವೆ. ಮಧ್ಯಾಹ್ನದ ಮೇಲೆ ಹಳ್ಳಿಗಳಿಗೆ ಹೋಗಿ ದನ, ಎಮ್ಮೆ ನೋಡುತ್ತೇನೆ. ಜೊತೆಗೆ ಮೂವರಿದ್ದಾರೆ: ಕೌಂಟರಿನಲ್ಲಿ ಕೂರುವ ಹುಡುಗಿ, ಹಳೆಯ ಕಂಪೌಂಡರ್, ಒಬ್ಬ ಸಹಾಯಕ ಹುಡುಗ. ಕ್ಲಿನಿಕ್ಕಿನ ಕಂಪ್ಯೂಟರನ್ನೂ ಫೋನನ್ನೂ ಜೋಪಾನವಾಗಿ ಬಳಸುವುದು ಹೇಗೆ ಅಂತ ಇವರಿಗಾಗಿ ಒಂದು ಪುಟ ಬರೆಯುತ್ತಿದ್ದೇನೆ. ಗೋಡೆಗೆ ಅಂಟಿಸಬೇಕು. ಅದಕ್ಕೆ ಪದಗಳು ಬೇಕಾಗಿವೆ.

ಯಾಕೆ ಈ ಪುಟ ಅಂತ ಮೊದಲು ಹೇಳುತ್ತೇನೆ. ಎರಡು ತಿಂಗಳ ಹಿಂದೆ ‘ಲ್ಯಾಬ್ ರಿಪೋರ್ಟ್’ ಅಂತ ಒಂದು ಮೇಲ್ ಬಂತು. ದಿನಾ ಬರುವಂಥದ್ದೇ ಅಂದುಕೊಂಡು ತೆರೆದೆವು. ಮರುದಿನ ಬೆಳಿಗ್ಗೆ ಒಂದು ಫೈಲೂ ತೆರೆಯಲಿಲ್ಲ. ಪರದೆಯ ಮೇಲೆ ಹಣ ಕೇಳುವ ಬರಹ. ಹೀಗೆ ಫೈಲುಗಳಿಗೆ ಬೀಗ ಹಾಕಿ, ಬಿಡಲು ಹಣ ಕೇಳುವ ತಂತ್ರಾಂಶಕ್ಕೇ ರಾನ್ಸಮ್‌ವೇರ್ ಅನ್ನುತ್ತಾರೆ. ಮೂರು ವರ್ಷದ ಲಸಿಕೆ ದಾಖಲೆ, ಎಕ್ಸ್‌ರೇ ಚಿತ್ರಗಳು, ಸಾಕಿದವರ ಫೋನ್ ನಂಬರುಗಳು, ಎಲ್ಲವೂ ಅದರಲ್ಲೇ ಇದ್ದವು. ಬ್ಯಾಕಪ್ ಡಿಸ್ಕ್ ಇತ್ತು. ಆದರೆ ಅದನ್ನು ಯಾವಾಗಲೂ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟಿದ್ದೆವು, ಹಾಗಾಗಿ ಅದೂ ಹೋಯಿತು. ನಾಯಿಗೆ ರೇಬೀಸ್ ಲಸಿಕೆ ಯಾವಾಗ ಹಾಕಿದ್ದೆವು ಅಂತ ಮನೆಮನೆಗೆ ಫೋನ್ ಮಾಡಿ, ಅವರ ಹತ್ತಿರ ಇದ್ದ ಕಾರ್ಡು ನೋಡಿ ಮತ್ತೆ ಬರೆದುಕೊಂಡೆವು.

ಅವತ್ತು ನಮ್ಮ ಕಂಪೌಂಡರ್ ಪರದೆ ನೋಡಿ ಕೇಳಿದರು: “ಡಾಕ್ಟ್ರೇ, ಇದು ದನಾನ ದೊಡ್ಡಿಗೆ ಹೊಡೆದ ಹಾಗಾಯ್ತಲ್ಲ. ದಂಡ ಕಟ್ಟಿದ್ರೆ ಬಿಡ್ತಾರಾ?”

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಪೇಟೆಯಲ್ಲಿ ಬೆಳೆದವರಿಗಾಗಿ ಹೇಳುತ್ತೇನೆ. ಇನ್ನೊಬ್ಬರ ಗದ್ದೆಗೆ ನುಗ್ಗಿದ ದನವನ್ನು ಹಿಡಿದು ಊರಿನ ದೊಡ್ಡಿಗೆ ಹೊಡೆಯುತ್ತಿದ್ದರು. ದನದ ಯಜಮಾನ ದಂಡವನ್ನೂ ಮೇವಿನ ಖರ್ಚನ್ನೂ ಕಟ್ಟಿ ಬಿಡಿಸಿಕೊಂಡು ಬರಬೇಕು. 1871ರಷ್ಟು ಹಿಂದೆಯೇ ಇದಕ್ಕೆ ಕಾಯ್ದೆ ಇತ್ತು. ದನ ನಿನ್ನದೇ, ಬೇಲಿಯಾಚೆ ಕಣ್ಣಿಗೆ ಕಾಣುತ್ತದೆ, ಆದರೆ ಮುಟ್ಟುವ ಹಾಗಿಲ್ಲ. ರಾನ್ಸಮ್‌ವೇರ್ ಮಾಡುವುದೂ ಇದನ್ನೇ ಅಲ್ವಾ? ಫೈಲು ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಹೆಸರೂ ಕಾಣುತ್ತದೆ. ತೆರೆಯಲು ಬರುವುದಿಲ್ಲ.

ಈಗ ಚಾಲ್ತಿಯಲ್ಲಿರುವ ಪದಗಳನ್ನೂ ತೂಗಿ ನೋಡಿದೆ. ‘ಸುಲಿಗೆ ತಂತ್ರಾಂಶ’ ಅನ್ನಬಹುದು. ಆದರೆ ಸುಲಿಗೆ ಅಂದರೆ ಇದ್ದದ್ದನ್ನು ಕಿತ್ತುಕೊಂಡು ಹೋಗುವುದು. ದುಡ್ಡು ಕೇಳುವ ಭಾಗ ಅದರಲ್ಲಿ ಬರುತ್ತದೆ, ಬೀಗ ಹಾಕಿಟ್ಟ ಭಾಗ ಬರುವುದಿಲ್ಲ. ‘ಒತ್ತೆ’ ಹತ್ತಿರದ ಪದ. ಒತ್ತೆಯಾಳು ಎಲ್ಲರಿಗೂ ಗೊತ್ತು. ಆದರೆ ‘ಒತ್ತೆ ಇಡು’ ಅಂದಾಗ ಸಾಲಕ್ಕಾಗಿ ನಾವೇ ಒಪ್ಪಿ ಇಟ್ಟದ್ದು ಅನ್ನುವ ಅರ್ಥವೇ ಮೊದಲು ಬರುತ್ತದೆ. ‘ಒತ್ತೆ ಹಿಡಿ’ ಅಂದರೆ ಸರಿಹೋಗಬಹುದೇನೋ. ‘ಕುತಂತ್ರಾಂಶ’ ನನಗೆ ಬಹಳ ಇಷ್ಟವಾದ ಪದ, ಕುತಂತ್ರ ಅದರೊಳಗೇ ಕೂತಿದೆ. ಆದರೆ ಅದು ಎಲ್ಲ ಬಗೆಯ ಕೆಟ್ಟ ತಂತ್ರಾಂಶಕ್ಕೂ ಸಲ್ಲುವ ಹೆಸರು.

ದೊಡ್ಡಿಗೂ ಒಂದು ದೊಡ್ಡ ತೊಡಕಿದೆ. ಕಂಪೌಂಡರ್ ಕೇಳಿದ ಪ್ರಶ್ನೆಯಲ್ಲೇ ಅದು ಇದೆ. ದೊಡ್ಡಿಯಲ್ಲಿ ದಂಡ ಕಟ್ಟಿದರೆ ದನ ಬಿಡುತ್ತಾರೆ. ಅದು ಕಾನೂನು. ಇಲ್ಲಿ ದುಡ್ಡು ಕೊಟ್ಟರೂ ಫೈಲು ವಾಪಸು ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಈಚೆಗೆ ಬೀಗ ಹಾಕುವ ಮೊದಲು ನಕಲು ಮಾಡಿಕೊಂಡು, ‘ಊರಿಗೆಲ್ಲ ಹಂಚುತ್ತೇವೆ’ ಅಂತ ಹೆದರಿಸುವುದೂ ಇದೆ. ಜೊತೆಗೆ ದೊಡ್ಡಿಗೆ ಹೋದ ದನ ತಪ್ಪು ಮಾಡಿದ ದನ. ನಮ್ಮ ಫೈಲು ಯಾರ ಗದ್ದೆಗೂ ನುಗ್ಗಿರಲಿಲ್ಲ. ‘ಕಳ್ಳದೊಡ್ಡಿ’ ಅಂದರೆ ಈ ಎರಡೂ ತೊಡಕು ಬಿಡುತ್ತದೆ ಅಂತ ನನಗೆ ಅನಿಸುತ್ತದೆ. ಕೇಳಿದ ಕೂಡಲೇ ‘ದಂಡ ಕಟ್ಟಬಾರದು’ ಅನ್ನುವುದೂ ಹೊಳೆಯುತ್ತದೆ. ನಿಮಗೇನನ್ನಿಸುತ್ತದೆ?

ಇದು ಸಣ್ಣ ಕ್ಲಿನಿಕ್ಕುಗಳ ಪಾಡು ಮಾತ್ರ ಅಂದುಕೊಳ್ಳಬೇಡಿ. 2019ರ ಅಕ್ಟೋಬರಿನಲ್ಲಿ ಅಮೆರಿಕದ ನ್ಯಾಷನಲ್ ವೆಟರ್ನರಿ ಅಸೋಸಿಯೇಟ್ಸ್ ಅನ್ನುವ ಸಂಸ್ಥೆಗೆ ರ‍್ಯೂಕ್ ಅನ್ನುವ ರಾನ್ಸಮ್‌ವೇರ್ ಹೊಕ್ಕಿತು. ಅವರ ಸುಮಾರು 400 ಪಶು ಆಸ್ಪತ್ರೆಗಳಿಗೆ ಪೆಟ್ಟು ಬಿತ್ತು.

ಇನ್ನೊಂದು ಪದ ‘ಕ್ವಾರಂಟೈನ್’. ಆಂಟಿವೈರಸ್ ದಿನಾ ತೋರಿಸುವ ಪದ ಇದು. ಕೋವಿಡ್ ಆದಮೇಲೆ ಎಲ್ಲರಿಗೂ ಗೊತ್ತು, ಆದರೆ ಅದರ ಜೊತೆ ಭಯವೂ ಬರುತ್ತದೆ. ಕೊಟ್ಟಿಗೆಯಲ್ಲಿ ನಾವು ಬಳಸುವ ಮಾತು ‘ಬೇರೆ ಕಟ್ಟು’. ಕಾಲುಬಾಯಿ ಜ್ವರ ಬಂದ ಹಸುವನ್ನು ಬೇರೆ ಕಟ್ಟಿ ಅಂತ ಹೇಳುತ್ತೇವೆ. ಇದನ್ನೇ ತೆಗೆದುಕೊಂಡರೆ ಒಂದಲ್ಲ, ಎರಡು ಕೆಲಸ ಆಗುತ್ತದೆ. ಸೋಂಕಿದ ಫೈಲನ್ನೂ ಬೇರೆ ಕಟ್ಟಬಹುದು. ಎಕ್ಸ್‌ರೇ ಮೆಷಿನ್ನಿನ ಹಳೆಯ ಕಂಪ್ಯೂಟರನ್ನೂ ಬೇರೆ ಕಟ್ಟಬಹುದು, ಅಂದರೆ ಕೌಂಟರಿನ ಕಂಪ್ಯೂಟರು, ಗಿರಾಕಿಗಳ ವೈಫೈ ಯಾವುದಕ್ಕೂ ಸೇರಿಸದೆ ಇಡುವುದು. ಹುಡುಗನಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಈ ಪದದ ಬಗ್ಗೆ ನನಗೆ ಅನುಮಾನವೇ ಇಲ್ಲ. ಪುಟದಲ್ಲಿ ಬರೆದೂ ಆಗಿದೆ.

‘ಪ್ಯಾಚ್’ ಅಂದರೆ ತಂತ್ರಾಂಶದಲ್ಲಿನ ತೂತು ಮುಚ್ಚುವ ಅಪ್‌ಡೇಟ್. ಅದಕ್ಕೆ ‘ತೇಪೆ’ ಅಂತ ಕೆಲವರು ಬರೆಯುತ್ತಾರೆ. ನನಗೆ ಅದು ಬೇಡ. ತೇಪೆ ಹಚ್ಚುವುದು ಅಂದರೆ ನಮ್ಮ ಕಿವಿಗೆ ಮೇಲುಮೇಲಿನ ರಿಪೇರಿ. ಹಾಗೆ ಕೇಳಿಸಿದರೆ ಯಾರು ಅವಸರ ಮಾಡುತ್ತಾರೆ? ನಾನು ‘ಲಸಿಕೆ’ ಅಂತ ಬರೆದಿದ್ದೇನೆ. 2017ರ ಮೇ ತಿಂಗಳಿನಲ್ಲಿ ವನ್ನಾಕ್ರೈ ಅನ್ನುವ ರಾನ್ಸಮ್‌ವೇರ್ ಜಗತ್ತನ್ನೆಲ್ಲ ಕಾಡಿತಲ್ಲ, ಅದು ನುಗ್ಗಿದ ತೂತು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಲಸಿಕೆ ಬಂದಿತ್ತು, ಎಷ್ಟೋ ಜನ ಹಾಕಿಸಿಕೊಂಡಿರಲಿಲ್ಲ. ಆರು ತಿಂಗಳಿಗೊಮ್ಮೆ ಕಾಲುಬಾಯಿ ಲಸಿಕೆ ಹಾಕುವವರಿಗೆ ಇದಕ್ಕಿಂತ ಜಾಸ್ತಿ ವಿವರಿಸಬೇಕಾಗಿಲ್ಲ. ಒಂದೇ ಅಳುಕು: ನಮ್ಮಲ್ಲಿ ನಿಜವಾದ ಲಸಿಕೆಯ ಪಟ್ಟಿಯೂ ಅದೇ ಗೋಡೆಯ ಮೇಲಿದೆ. ‘ಕಂಪ್ಯೂಟರ್ ಲಸಿಕೆ’ ಅಂತ ಪೂರ್ತಿ ಬರೆದರೆ ಸಾಕೇ?

ಫಿಶಿಂಗ್ ಅಂದರೆ ನಂಬಿಕಸ್ಥರ ಹೆಸರಿನಲ್ಲಿ ಮೇಲ್, ಮೆಸೇಜು ಕಳಿಸಿ ಮೋಸ ಮಾಡುವುದು. ಅದಕ್ಕೆ ‘ಗಾಳ’ ಸಾಕು ಅನಿಸಿತು. ‘ಗಾಳ ಹಾಕುವುದು’ ಮೊದಲಿಂದಲೂ ನಮ್ಮ ಮಾತಿನಲ್ಲಿದೆ. ಪಾಸ್‌ವರ್ಡನ್ನು ಪಾಸ್‌ವರ್ಡ್ ಅಂತಲೇ ಬಿಟ್ಟೆ. ಅಲ್ಲಿ ಪದಕ್ಕಿಂತ ವಿಷಯ ಮುಖ್ಯ. ಎಷ್ಟೋ ಜನ ತಮ್ಮ ನಾಯಿಯ ಹೆಸರನ್ನೇ ಪಾಸ್‌ವರ್ಡ್ ಮಾಡಿಕೊಂಡಿರುತ್ತಾರೆ. ನಾಯಿಯ ಹೆಸರು, ಯಜಮಾನರ ಹೆಸರು, ಫೋನ್ ನಂಬರು, ಮೂರೂ ಒಟ್ಟಿಗೆ ಇರುವ ಪಟ್ಟಿ ನಮ್ಮ ಕ್ಲಿನಿಕ್ಕಿನಲ್ಲಿದೆ. ಅದಕ್ಕೇ ಅದನ್ನು ಕಾಯುವುದು ನಮ್ಮ ಹೊಣೆ.

ಬ್ಯಾಕಪ್‌ಗೆ ‘ತೆಗೆದಿಟ್ಟ ಪ್ರತಿ’ ಅಂತ ಬರೆದಿದ್ದೇನೆ. ಸುಮ್ನೆ ‘ನಕಲು’ ಅಂದರೆ ಎಲ್ಲಿಟ್ಟರೂ ನಡೆಯುತ್ತದೆ ಅನ್ನಿಸುತ್ತದೆ. ‘ತೆಗೆದಿಟ್ಟ’ ಅಂದಾಗ ಡಿಸ್ಕನ್ನು ಕಂಪ್ಯೂಟರಿನಿಂದ ತೆಗೆದು ಬೇರೆ ಕಡೆ ಇಡಬೇಕು ಅನ್ನುವುದು ಪದದಲ್ಲೇ ಬಂತು. ನಾವು ಎಡವಿದ್ದೇ ಅಲ್ಲಿ.

ಪುಟದ ಕೊನೆಗೆ ಎರಡು ನಂಬರು ದಪ್ಪಕ್ಷರದಲ್ಲಿವೆ. ಪ್ರಾಣಿಗೆ ತುರ್ತು ಅಂದರೆ 1962. ದುಡ್ಡಿನ ಸೈಬರ್ ಮೋಸ ಅಂದರೆ 1930. ಎರಡೂ ಒಂದೇ ಥರ ಕಾಣುವುದರಿಂದ ಬೇರೆ ಬಣ್ಣದಲ್ಲಿ ಬರೆಸುತ್ತಿದ್ದೇನೆ.

ಕಲಬುರಗಿ, ಧಾರವಾಡ, ಮಂಗಳೂರು, ಮೈಸೂರು ಕಡೆಯವರು ದಯವಿಟ್ಟು ತಿಳಿಸಿ: ಹಿಡಿದ ದನ ಕೂಡುವ ಜಾಗಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ? ದೊಡ್ಡಿ ಅಂದರೆ ಬರೀ ಕೊಟ್ಟಿಗೆ ಅಂತಲೇ ಅರ್ಥವಾಗುವ ಊರುಗಳಿದ್ದರೆ ಅದನ್ನೂ ಹೇಳಿ. ಈ ಪುಟವನ್ನು ಬೇರೆ ಜಿಲ್ಲೆಯ ಇಬ್ಬರು ಪಶುವೈದ್ಯ ಗೆಳೆಯರೂ ಕೇಳಿದ್ದಾರೆ. ಅಲ್ಲಿಯ ಕಂಪೌಂಡರಿಗೂ ‘ಕಳ್ಳದೊಡ್ಡಿ’ ಒಂದೇ ಸಲಕ್ಕೆ ಅರ್ಥವಾಗಬೇಕು.